ಚಿಕ್ಕಮಗಳೂರಿನಿಂದ ನಾಲ್ಕು ದಿಕ್ಕಿಗೆ, ಎರಡು ಚಕ್ರದ ಮೇಲೆ

ಚಿಕ್ಕಮಗಳೂರಿನಲ್ಲಿ ಬೆಳಗಿನ ಜಾವ ಸೈಕಲ್ ಹಿಡಿದು ನಿಂತವರ ಮುಂದೆ ಎಂಥೆಂಥ ದಾರಿಗಳಿವೆ ಗೊತ್ತೇ? ಪೂರ್ವಕ್ಕೆ ಹೊರಟರೆ ದಾರಿಯಲ್ಲಿ ಸಿಗುವ ಹಳ್ಳದ ನೀರು ವೇದಾವತಿಯಾಗಿ, ತುಂಗಭದ್ರೆಯನ್ನು ಸೇರಿ, ಕೊನೆಗೆ ಕೃಷ್ಣೆಯಾಗುತ್ತದೆ. ದಕ್ಷಿಣಕ್ಕೆ ಹೊರಟರೆ ಯಗಚಿ ಜೊತೆಯಾಗುತ್ತಾಳೆ. ಅವಳು ಹೇಮಾವತಿಯ ಕೈಹಿಡಿದು ಕಾವೇರಿಗೆ ಹೋಗುವವಳು. ನೈಋತ್ಯಕ್ಕೆ ತಿರುಗಿ ಚಾರ್ಮಾಡಿಯ ನೆತ್ತಿ ದಾಟಿದಿರೋ, ಅಲ್ಲಿಂದಾಚೆ ಬಿದ್ದ ಹನಿ ಹನಿಯೂ ನೇತ್ರಾವತಿಯದು, ಅರಬ್ಬಿ ಸಮುದ್ರದ್ದು! ಇನ್ನು ಉತ್ತರಕ್ಕೆ ಮುಖ ಮಾಡಿದರೆ ಕರ್ನಾಟಕದ ಅತಿ ಎತ್ತರದ ಶಿಖರವೇ ಎದುರು ನಿಂತಿದೆ. ಒಂದು ಊರು, ನಾಲ್ಕು ದಿಕ್ಕು, ಮೂರು ನೀರು. ಸೈಕಲ್ ತುಳಿಯುವವರಿಗೆ ಇದಕ್ಕಿಂತ ದೊಡ್ಡ ಭಾಗ್ಯ ಇನ್ನೆಲ್ಲಿದೆ!

ಇದೆಲ್ಲ ಭೂಪಟದಲ್ಲಿ ಮೊದಲಿನಿಂದಲೂ ಇದ್ದದ್ದೇ. ಆದರೆ ಕಾರಿನಲ್ಲಿ ಹೋದವರಿಗೆ ಮುಳ್ಳಯ್ಯನಗಿರಿ ಒಂದು ಜಾಗ, ಬೇಲೂರು ಇನ್ನೊಂದು ಜಾಗ, ಅಯ್ಯನಕೆರೆ ಮತ್ತೊಂದು. ನಡುವಿನದ್ದೆಲ್ಲ ಕಿಟಕಿಯಾಚೆ ಓಡಿಹೋಗುತ್ತದೆ. ಸೈಕಲ್ಲಿನ ಮೇಲೆ ಹಾಗಲ್ಲ. ಏರು ತೊಡೆಗೆ ಗೊತ್ತಾಗುತ್ತದೆ, ಗಾಳಿಯ ತೇವ ಮುಖಕ್ಕೆ ಗೊತ್ತಾಗುತ್ತದೆ, ಕಾಫಿ ಮುಗಿದು ರಾಗಿ ಶುರುವಾದ ತಿರುವು ಕಣ್ಣೆದುರೇ ಬರುತ್ತದೆ. ಆಗ ಹೊಳೆಯುತ್ತದೆ: ಇವು ಬೇರೆ ಬೇರೆ ಜಾಗಗಳೇ ಅಲ್ಲ. ಒಂದೇ ಬೆಟ್ಟಸಾಲು ಸುತ್ತಲಿನ ಇಷ್ಟೂ ಸೀಮೆಯನ್ನು ರೂಪಿಸಿದೆ!

ಉತ್ತರ: ಮೋಡದೊಳಗಿನ ಏರು

ಚಂದ್ರದ್ರೋಣ ಪರ್ವತ ಕುದುರೆ ಲಾಳದಂತೆ ಬಾಗಿ, ವಾಯವ್ಯಕ್ಕೆ ಬಾಯ್ತೆರೆದು, ಮಡಿಲಲ್ಲಿ ಜಾಗರ ಕಣಿವೆಯನ್ನು ಇಟ್ಟುಕೊಂಡಿದೆ. ಅದರ ದಕ್ಷಿಣದ ಅಂಚಿನಲ್ಲಿರುವ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಇಡೀ ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಶಿಖರವಿಲ್ಲ! ಆ ಶಿಖರದ ಮೆಟ್ಟಿಲಿನ ಬುಡದವರೆಗೂ ಡಾಂಬರು ರಸ್ತೆಯಿದೆ ಎಂಬುದು ರೋಡ್ ಬೈಕ್ ಇರುವವರಿಗೆ ನಂಬಲಾಗದ ಸಂಗತಿ.

ಊರು ಇರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ. ಹತ್ತಿರ ಹತ್ತಿರ 20 ಕಿ.ಮೀ. ದಾರಿಯಲ್ಲಿ, ಕೊನೆಯ ಮೆಟ್ಟಿಲುಗಳೂ ಸೇರಿ, 800 ಮೀಟರ್‌ಗಿಂತ ಹೆಚ್ಚು ಮೇಲೇರಬೇಕು. ಕೈಮರದವರೆಗಿನದ್ದು ಬರಿಯ ಪೀಠಿಕೆ. ಚೆಕ್‌ಪೋಸ್ಟ್ ದಾಟಿದ್ದೇ ತಡ ರಸ್ತೆ ಎದ್ದು ನಿಲ್ಲುತ್ತದೆ. ಮೊದಲು ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಆಮೇಲೆ ತೋಟದ ನೆರಳು ತೆಳುವಾಗುತ್ತದೆ. ಇದ್ದಕ್ಕಿದ್ದಂತೆ ಮರಗಳೇ ಮುಗಿದು, ಎತ್ತ ನೋಡಿದರೂ ಹುಲ್ಲಿನ ಗುಡ್ಡ, ಗುಡ್ಡದ ಮಡಿಕೆಯಲ್ಲಿ ಮಾತ್ರ ಕಪ್ಪು ಹಸುರಿನ ಶೋಲಾ ಕಾಡು! ಸಾವಿರ ಮೀಟರ್ ಏರಿದರೆ ಗಾಳಿ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೇವೆ. ಬೆವರಿದ ಬೆನ್ನಿಗೆ ಆ ಪಾಠ ಇಲ್ಲಿ ಚಳಿಯಾಗಿ ತಾಕುತ್ತದೆ.

ಸೀತಾಳಯ್ಯನಗಿರಿಯ ಬಳಿ ಮುಳ್ಳಯ್ಯನಗಿರಿಯ ದಾರಿ ಕವಲೊಡೆಯುತ್ತದೆ. ಅಲ್ಲಿಂದ ಮುಂದೆ ರಸ್ತೆ ಕಿರಿದು, ಕಡಿದು, ಒಂದು ಕಡೆ ಪ್ರಪಾತ. ಅತ್ಯಂತ ಹಗುರದ ಗೇರಿಗೆ ಇಳಿಸಿ, ಸೀಟಿನ ಮೇಲೆ ಕೂತೇ ತುಳಿಯಿರಿ. ಎದ್ದು ತುಳಿದರೆ ಒದ್ದೆ ರಸ್ತೆಯಲ್ಲಿ ಹಿಂಚಕ್ರ ಜಾರುತ್ತದೆ. ಕಾಲಲ್ಲಿ ಇನ್ನೂ ಕಸುವಿದ್ದರೆ ಮುಳ್ಳಯ್ಯನಗಿರಿಯಿಂದ ಇಳಿದು ಬಂದು ಬಾಬಾಬುಡನ್‌ಗಿರಿಯ ಕಡೆ ತಿರುಗಿ. ಅತ್ತಿಗುಂಡಿಯಲ್ಲಿ ಬಿಸಿ ಚಹಾ, ಹೊನ್ನಮ್ಮನಹಳ್ಳದ ನೀರಿನ ಸದ್ದು, ಆಮೇಲೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಗುಹೆ. 17ನೇ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಬಿತ್ತಿದ್ದು ಇಲ್ಲೇ ಎಂಬುದು ನಾಡಿನ ನಂಬಿಕೆ. ಬೆಳಗ್ಗೆಯಿಂದ ಹಾದುಬಂದ ತೋಟಗಳೆಲ್ಲ ಆ ಏಳು ಬೀಜದ ಕಥೆಗೆ ಸೇರಿದವು ಎಂದುಕೊಂಡಾಗ ಮೈ ಜುಮ್ಮೆನ್ನುತ್ತದೆ!

ಪೂರ್ವ: ಬೆಟ್ಟದ ಬೆನ್ನಿನ ಬಿಸಿಲು

ಈಗ ಬೆಟ್ಟಕ್ಕೆ ಬೆನ್ನು ಮಾಡಿ ಕಡೂರು ರಸ್ತೆ ಹಿಡಿಯಿರಿ. ಸಖರಾಯಪಟ್ಟಣಕ್ಕೆ ಸುಮಾರು 20 ಕಿ.ಮೀ. ಕಾಫಿ ಎಲ್ಲಿ ಮಾಯವಾಯಿತು? ತೆಂಗು, ರಾಗಿ, ಬಯಲು, ಅಗಲವಾದ ಆಕಾಶ! ನೈಋತ್ಯದಿಂದ ಬರುವ ಮುಂಗಾರು ಮೋಡ ಘಟ್ಟಕ್ಕೆ ಬಡಿದು, ಮೇಲೇರಿ, ತಣಿದು ಸುರಿಯುತ್ತದೆ. ಉಳಿದದ್ದನ್ನು ಚಂದ್ರದ್ರೋಣ ಇಳಿಸಿಕೊಳ್ಳುತ್ತದೆ. ಇತ್ತ ದಾಟುವ ಹೊತ್ತಿಗೆ ಮೋಡದ ಚೀಲ ಬರಿದು. ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವುದನ್ನು ಒಂದು ಗಂಟೆಯ ಸೈಕಲ್ ದಾರಿಯಲ್ಲಿ ಕಾಣಬಹುದು.

ಈ ಬಯಲಿನಂಚಿನಲ್ಲೇ, ಗೋಪುರದಂತೆ ಚೂಪಾಗಿ ಎದ್ದ ಶಕುನಗಿರಿಯ ಬುಡದಲ್ಲಿ, ಅಯ್ಯನಕೆರೆ ಹರಡಿಕೊಂಡಿದೆ. ಹೊಯ್ಸಳರ ಕಾಲದಲ್ಲೇ ದುರಸ್ತಿ ಕಂಡ ಕೆರೆಯಿದು. ಎಂದ ಮೇಲೆ ಕಟ್ಟಿದ್ದು ಇನ್ನೂ ಹಿಂದೆ! ತಮ್ಮ ಹೊಲದ ಮೇಲೆ ಮಳೆ ಸಾಲದಿದ್ದರೂ ಬೆಟ್ಟದ ಮೇಲೆ ಬಿದ್ದ ಮಳೆಯನ್ನು ಹಿಡಿದಿಡಬಹುದು ಎಂದು ಲೆಕ್ಕ ಹಾಕಿದ ಆ ಹಿರಿಯರ ಬುದ್ಧಿಗೆ ಏನೆನ್ನೋಣ! ಕೆರೆಯ ಏರಿ ಮುಟ್ಟಿ ಹಿಂತಿರುಗಿದರೆ ಒಂದು ಮುಂಜಾನೆಯ ಸವಾರಿ. ಹೊಸಬರಿಗೆ, ಮಕ್ಕಳನ್ನು ಕರೆದೊಯ್ಯುವವರಿಗೆ ಇನ್ನೂ ಸುಲಭದ್ದು ಬೇಕೆಂದರೆ ಊರಿಗೆ ಹತ್ತಿರದ ಹಿರೇಕೊಳಲೆ ಕೆರೆ ಇದೆ. ಬೆಟ್ಟಸಾಲನ್ನು ಕೆಳಗಿನಿಂದ ಪೂರ್ತಿಯಾಗಿ ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ದಕ್ಷಿಣ: ಕಲ್ಲಿನ ಸುತ್ತು

ರೋಡ್ ಬೈಕಿಗೆ ಹೇಳಿ ಮಾಡಿಸಿದ ಸುತ್ತು ಇದು. ಚಿಕ್ಕಮಗಳೂರಿನಿಂದ ಜಾವಗಲ್ ದಾರಿಯಲ್ಲಿ ಬೆಳವಾಡಿ, ಅಲ್ಲಿಂದ ಹಳೇಬೀಡು, ಬೇಲೂರು, ಮತ್ತೆ ಊರು. ಎಲ್ಲ ಸೇರಿ ಸುಮಾರು 80 ಕಿ.ಮೀ. ದೊಡ್ಡ ಏರಿಲ್ಲ, ಅಲೆಯಲೆಯಾಗಿ ಏಳುವ ಬೀಳುವ ನೆಲ. 

ಬೆಳವಾಡಿಯ ವೀರನಾರಾಯಣ ದೇಗುಲದ ಸಾಲುಕಂಬಗಳನ್ನು ಮುಟ್ಟಿ ನೋಡಿ. ಕಂಬದ ಮೈಯಲ್ಲಿ ಮುಖ ಕಾಣುವಷ್ಟು ನುಣುಪು! ಬೇಲೂರಿನ ಚೆನ್ನಕೇಶವ 1117ರದ್ದು. ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಆ ಮೂರರಲ್ಲಿ ಎರಡನ್ನು ಒಂದೇ ದಿನ, ಒಂದು ಹನಿ ಪೆಟ್ರೋಲ್ ಸುಡದೆ ಕಂಡು ಬರಬಹುದು! ಮತ್ತೆ ಬೇಲೂರಿನ ಯಗಚಿಯನ್ನು ಕಂಡಾಗ ನೆನಪಿರಲಿ: ಅವಳೂ ಅದೇ ಚಂದ್ರದ್ರೋಣದ ಮಗಳು.

ನೈಋತ್ಯ: ಘಟ್ಟದ ನೆತ್ತಿ

ಮೂಡಿಗೆರೆಗೆ ಸುಮಾರು 30 ಕಿ.ಮೀ. ಮುಂದೆ ಕೊಟ್ಟಿಗೆಹಾರ. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ಬದುಕಿ, ಬೆಳೆ ಬೆಳೆದು, ಹಕ್ಕಿಗಳ ಹಿಂದೆ ಅಲೆದ ಸೀಮೆ. ಕಾಡನ್ನು ನಿಧಾನವಾಗಿ ನೋಡುವುದನ್ನು ಕನ್ನಡಿಗರಿಗೆ ಕಲಿಸಿದವರ ನೆಲದಲ್ಲಿ ಸೈಕಲ್ಲಿನ ವೇಗವೇ ಸರಿಯಾದ ವೇಗ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗಬೇಡಿ.

ಇಲ್ಲಿಂದ ಚಾರ್ಮಾಡಿ ಘಾಟಿ. ಇಪ್ಪತ್ತು ಕಿ.ಮೀ.ಗೂ ಹೆಚ್ಚು ದೂರ ಇಳಿಯುವುದೇ ಇಳಿಯುವುದು! ಆಲೇಕಾನು ಜಲಪಾತದ ತುಂತುರು, ತಿರುವು ತಿರುವಿಗೂ ಬೆಚ್ಚಗಾಗುವ ಗಾಳಿ, ಕೊನೆಗೆ ಅಡಿಕೆ ತೋಟ, ತುಳು ಮಾತು, ಕರಾವಳಿಯ ಸೆಕೆ. ಬ್ರೇಕನ್ನು ಒತ್ತಿ ಹಿಡಿದೇ ಇಳಿಯಬೇಡಿ. ರಿಮ್ ಕಾದು ಟ್ಯೂಬ್ ಒಡೆಯುವ ಅಪಾಯವಿದೆ. ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ, ತಿರುವಿನಲ್ಲಿ ಬ್ರೇಕ್ ಬಿಟ್ಟು ಚಕ್ರವನ್ನು ಹರಿಯಲು ಬಿಡಿ. ಮಳೆಗಾಲದಲ್ಲಿ ಈ ದಾರಿ ಬೇಡವೇ ಬೇಡ. 2019ರ ಆಗಸ್ಟಿನ ಮಳೆಗೆ ಇಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು.

ಮಣ್ಣಿನ ದಾರಿ

ಎಂಟಿಬಿ (ಮೌಂಟನ್ ಬೈಕ್) ಇದ್ದವರ ಸ್ವರ್ಗ ತೋಟದ ಜೀಪ್ ರಸ್ತೆಗಳಲ್ಲಿದೆ. ಮೂಡಿಗೆರೆ, ಆಲ್ದೂರು, ಮಲ್ಲಂದೂರು ಕಡೆ ಇಂಥ ದಾರಿಗಳು ನರಗಳಂತೆ ಹಬ್ಬಿವೆ. ಕೆಂಪು ಮಣ್ಣು, ಒದ್ದೆ ತರಗೆಲೆ, ಬೇರು, ಹಳ್ಳಕ್ಕೆ ಹಾಸಿದ ಕಲ್ಲು. ದಪ್ಪ ಟೈರಿನ ಗಾಳಿ ತುಸು ಇಳಿಸಿದರೆ ಹಿಡಿತ ಎಷ್ಟು ಚೆನ್ನಾಗಿ ಬರುತ್ತದೆಂದು ಮೊದಲ ಏರಿನಲ್ಲೇ ತಿಳಿಯುತ್ತದೆ. ಇವೆಲ್ಲ ಖಾಸಗಿ ತೋಟಗಳು. ಗೇಟಿನಲ್ಲಿ ನಿಂತು, ತೋಟದ ಉಸ್ತುವಾರಿ ನೋಡುವ ರೈಟರನ್ನೋ ಮಾಲೀಕರನ್ನೋ ಕೇಳಿಯೇ ಒಳಗೆ ಹೋಗಿ. ಕಣದಲ್ಲಿ ಕಾಫಿ ಒಣಗುತ್ತಿದ್ದರೆ ಇಳಿದು ನಡೆಯಿರಿ.

ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿಯನ್ನು ಅರಳಿಸುವ ಹೂಮಳೆ ಬಿದ್ದು ಕೆಲವೇ ದಿನಗಳಲ್ಲಿ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಮಲ್ಲಿಗೆಯನ್ನೂ ಮೀರಿಸುವ ಆ ಕಂಪಿನೊಳಗೆ ಮೈಲಿಗಟ್ಟಲೆ ತುಳಿಯುವುದಿದೆಯಲ್ಲ, ಅದಕ್ಕೆ ಸಮನಾದದ್ದನ್ನು ನಾನು ಕಂಡಿಲ್ಲ!

ಇನ್ನೂ ದೂರ ಹೋಗುವವರಿಗೆ ಲಿಂಗದಹಳ್ಳಿಯ ಮೇಲಿಂದ ಕೆಮ್ಮಣ್ಣುಗುಂಡಿಯಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಬೇಸಿಗೆಯ ತಂಗುದಾಣವಾಗಿದ್ದ ಗಿರಿಧಾಮ. ಭದ್ರಾವತಿಯ ಕಾರ್ಖಾನೆಗೆ ಕಬ್ಬಿಣದ ಅದಿರು ಹೋಗುತ್ತಿದ್ದದ್ದು ಇಲ್ಲಿಂದಲೇ. ದೇವರಮನೆಯ ಹುಲ್ಲುಗುಡ್ಡಗಳೂ ಕೈಬೀಸಿ ಕರೆಯುತ್ತವೆ. ಆದರೆ ದಾರಿ ಬಿಟ್ಟು ಹುಲ್ಲಿನ ಮೇಲೆ ಚಕ್ರ ಹತ್ತಿಸಬೇಡಿ. ಆ ಹುಲ್ಲೇ ಮಳೆನೀರನ್ನು ಹೀರಿ ಹಳ್ಳಗಳಿಗೆ ಬಿಡುವುದು. 2022ರಲ್ಲಿ ಚಂದ್ರದ್ರೋಣವನ್ನು ನೀಲಿಯಾಗಿಸಿದ ಕುರಿಂಜಿ ಬೇರೂರಿರುವುದೂ ಅದರ ನಡುವೆಯೇ. ಒಂದು ಚಕ್ರದ ಗೆರೆ ಮುಂದಿನ ಮುಂಗಾರಿಗೆ ಕೊರಕಲಾಗುತ್ತದೆ.

ಹೊರಡುವ ಮುನ್ನ

ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಗಿರಿಯ ರಸ್ತೆಗೆ ವಾರದ ನಡುವಿನ ದಿನ, ನಸುಕಿನಲ್ಲೇ ಹೋಗಿ. ಶನಿವಾರ, ಭಾನುವಾರ ಕಾರುಗಳ ಸಾಲು ಕರಗುವುದಿಲ್ಲ. ಗಿರಿಗೆ ಹೋಗುವ ನಿಯಮಗಳು ಬದಲಾಗುತ್ತಿರುತ್ತವೆ, ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಒಳದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಇಳಿಯಬೇಡಿ. ಮೂಡಿಗೆರೆ, ಆಲ್ದೂರು ಕಡೆ ಆನೆ ಓಡಾಟವಿದೆ. ಮುಂಜಾನೆ ಹೊರಡುವಾಗ ಊರವರನ್ನು ಕೇಳಿ, ಅವರು ಬೇಡವೆಂದರೆ ಬೇಡ. ಗಾಳಿಯಂಗಿ, ಎರಡು ಟ್ಯೂಬ್, ಪಂಪು, ಹಿಂದಿನ ಕೆಂಪು ದೀಪ ಕಡ್ಡಾಯ. ತೇವ ಇರುವ ತಿಂಗಳಲ್ಲಿ ಇಂಬಳಕ್ಕೆ ಉಪ್ಪಿನ ಪೊಟ್ಟಣವೂ ಇರಲಿ.

ಯಾವುದರಿಂದ ಶುರು ಮಾಡುವುದು ಎಂದು ಕೇಳಿದರೆ ನನ್ನ ಕ್ರಮ ಇದು: ಮೊದಲು ಹಿರೇಕೊಳಲೆ, ಆಮೇಲೆ ಅಯ್ಯನಕೆರೆ, ಬಳಿಕ ಬೇಲೂರಿನ ಸುತ್ತು, ಕಾಲು ಪಳಗಿದ ಮೇಲೆ ಮುಳ್ಳಯ್ಯನಗಿರಿ, ಎಲ್ಲಕ್ಕಿಂತ ಕೊನೆಗೆ ಚಾರ್ಮಾಡಿ. ಒಣ ಬಯಲಿನಿಂದ ಮಳೆಯ ಕಡೆಗೆ, ಕೆರೆಯಿಂದ ನದಿಯ ಹುಟ್ಟಿನ ಕಡೆಗೆ ಹೋಗುವ ಕ್ರಮ. ಹೀಗೆ ತುಳಿದವರು ಘಟ್ಟದ ನೆತ್ತಿಗೆ ಬಂದು ನಿಲ್ಲುವ ಹೊತ್ತಿಗೆ, ಕಡೂರಿನಲ್ಲಿ ಯಾಕೆ ರಾಗಿ, ಕೈಮರದಲ್ಲಿ ಯಾಕೆ ಕಾಫಿ, ಬಯಲಂಚಿನಲ್ಲಿ ಯಾಕೆ ಅಷ್ಟು ದೊಡ್ಡ ಕೆರೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಅಷ್ಟನ್ನೂ ತಮ್ಮ ಕಾಲಿನಿಂದಲೇ ಓದಿಕೊಂಡಿರುತ್ತಾರೆ. ಟೈರಿಗೆ ಗಾಳಿ ತುಂಬಿ, ಹೊರಡಿ!