ನಿಮಗಿದು ಗೊತ್ತೇ? ಕುಡ್ಲದಲ್ಲಿ ಒಂದು ವಾರ

ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ ಎಲ್ಲ ಮುಗಿಸಿ, ರಾತ್ರಿ ಬಸ್ಸು ಹತ್ತುವ ಮೊದಲು ಮಂಗಳೂರಿಗೆ ಅರ್ಧ ದಿನ ಕೊಡುವವರೇ ಹೆಚ್ಚು. ಸಾಲದು. ಈ ಊರು ತನ್ನಲ್ಲಿರುವುದನ್ನು ಮೆರೆಸಿ ತೋರಿಸುವುದಿಲ್ಲ. ಬಸ್ಸಿನ ಕೂಗಿನಲ್ಲಿ, ಹೆಂಚಿನ ಮಾಡಿನಲ್ಲಿ, ಬೆಳಗಿನ ತಿಂಡಿಯಲ್ಲಿ ಇಟ್ಟುಕೊಂಡಿರುತ್ತದೆ. ಒಂದು ವಾರ ಬಿಡುವು ಮಾಡಿಕೊಂಡು ಬನ್ನಿ.

ಈ ಊರಿಗೆ ಐದು ಹೆಸರು ಎಂದು ಗೊತ್ತೇ? ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ, ಮಲಯಾಳದಲ್ಲಿ ಮಂಗಲಾಪುರಂ. ಮಂಗಳೂರು ಎಂಬುದು ಬೋಳಾರದ ಮಂಗಳಾದೇವಿಯಿಂದ ಬಂದ ಹೆಸರು. ನೇತ್ರಾವತಿ ಮತ್ತು ಫಲ್ಗುಣಿ ಕೂಡುವ ಜಾಗವಾದ್ದರಿಂದ ಕುಡ್ಲ. ಇಂಗ್ಲಿಷಿನ ‘ಮ್ಯಾಂಗಲೋರ್’ ಸರ್ಕಾರಿ ಕಡತದಿಂದ ಹೋದದ್ದು 2014ರ ನವೆಂಬರ್ 1ರಂದು.

ಸಿಟಿ ಬಸ್ಸಿನ ಕಂಡಕ್ಟರ್ ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಎಂದು ಕೂಗಿದರೆ ಅದು ಬ್ಯಾಂಕಲ್ಲ, ಬಸ್ ನಿಲ್ದಾಣ. ‘ಜ್ಯೋತಿ’ ಎಂದರೆ ಹಳೆಯ ಟಾಕೀಸಿನ ಹೆಸರು ಉಳಿಸಿಕೊಂಡ ಸ್ಟಾಪು. ಈ ಎರಡು ತಿಳಿದಿದ್ದರೆ ಅರ್ಧ ಊರು ನಿಮ್ಮದು. ಬ್ಯಾಂಕಿನ ಮಾತು ಬಂತು: ಕೆನರಾ ಬ್ಯಾಂಕ್ (1906), ಕರ್ಣಾಟಕ ಬ್ಯಾಂಕ್ (1924), ವಿಜಯಾ ಬ್ಯಾಂಕ್ (1931) ಮೂರೂ ಹುಟ್ಟಿದ್ದು ಇದೇ ಊರಿನಲ್ಲಿ.

ಬನ್ಸ್ ಬೇಕರಿಯದ್ದಲ್ಲ, ಬಾಣಲೆಯದ್ದು! ಸಿಪ್ಪೆ ಕಪ್ಪಾಗುವಷ್ಟು ಕಳಿತ ಬಾಳೆಹಣ್ಣನ್ನು ಕಿವುಚಿ, ಸಕ್ಕರೆ, ಮೊಸರು, ಜೀರಿಗೆ ಸೇರಿಸಿ, ಹಿಡಿಯುವಷ್ಟು ಮೈದಾ ಹಾಕಿ ಕಲಸಿ, ರಾತ್ರಿಯಿಡೀ ಮುಚ್ಚಿಡುತ್ತಾರೆ. ಬೆಳಿಗ್ಗೆ ಪೂರಿಗಿಂತ ದಪ್ಪಗೆ ಲಟ್ಟಿಸಿ ಎಣ್ಣೆಗೆ ಬಿಟ್ಟರೆ ಉಬ್ಬಿ ಕೆಂಪಗಾಗುತ್ತದೆ. ಮುರಿದಾಗ ಒಳಗೆ ಜೇನುಗೂಡಿನಂಥ ತೂತು, ಬಾಳೆಹಣ್ಣಿನ ಕಪ್ಪು ನಾರು, ಮೂಗಿಗೆ ಬಡಿಯುವ ಜೀರಿಗೆಯ ಬಿಸಿ ಹಬೆ. ಜೊತೆಗೆ ಖಾರದ ಕಾಯಿಚಟ್ನಿ. ಸಿಹಿಗೆ ಖಾರವೇ ಎಂದು ಹಿಂಜರಿಯಬೇಡಿ, ಈ ಜೋಡಿ ಹೀಗೇ ತಿನ್ನಬೇಕಾದದ್ದು. ಕೊಡಿಯಾಲಬೈಲಿನ ನ್ಯೂ ತಾಜ್‌ಮಹಲ್‌ನಂಥ ಹಳೆಯ ಹೋಟೆಲುಗಳಿಗೆ ಬೆಳಿಗ್ಗೆ ಬೇಗ ಹೋಗಿ. ಸಂಜೆಗೆ ಗೋಳಿಬಜೆ ಇದ್ದೇ ಇದೆ.

ನೀರುದೋಸೆಗೆ ಉದ್ದು ಬೇಡ, ಹುಳಿ ಬರಿಸುವುದೂ ಬೇಡ. ನೆನೆಸಿದ ಅಕ್ಕಿ, ನೀರು, ಉಪ್ಪು, ಅಷ್ಟೇ. ಕೋರಿ ರೊಟ್ಟಿಯ ರೊಟ್ಟಿಯೂ ಅಕ್ಕಿಯದೇ, ಆದರೆ ಹಪ್ಪಳದ ಹಾಗೆ ಗರಿಗರಿ. ಅದನ್ನು ಮುರಿದು ತಟ್ಟೆಗೆ ಹಾಕಿ, ಮೇಲೆ ಕೋಳಿ ಗಸಿ ಸುರಿದು, ಮೆತ್ತಗಾಗುವ ಮುಂಚೆ ಅರ್ಧ, ಮೆತ್ತಗಾದ ಮೇಲೆ ಅರ್ಧ ತಿನ್ನಿ. ತುಳುವಿನಲ್ಲಿ ‘ಕೋರಿ’ ಎಂದರೆ ಕೋಳಿ.

ಬಾವುಟಗುಡ್ಡೆಯ ಬಾವುಟ ಯಾರದು? 1837ರ ಏಪ್ರಿಲ್ 5ರಂದು ಸುಳ್ಯದ ಕಡೆಯಿಂದ ಬಂದ ರೈತರ ದಂಡು ಈಸ್ಟ್ ಇಂಡಿಯಾ ಕಂಪನಿಯ ಧ್ವಜ ಇಳಿಸಿ ತಮ್ಮದನ್ನು ಏರಿಸಿದ ಗುಡ್ಡ ಇದು. ಊರು ಅವರ ಕೈಯಲ್ಲಿದ್ದದ್ದು 13 ದಿನ. ಆ ದಂಡಿನ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಈಗ ಅಲ್ಲೇ ಇದೆ.

ಅದೇ ಗುಡ್ಡದಲ್ಲಿ ಸೇಂಟ್ ಅಲೋಶಿಯಸ್ ಕಾಲೇಜಿನ ಚಾಪೆಲ್. ವಾರದಲ್ಲಿ ಒಂದೇ ಒಂದು ಜಾಗ ನೋಡಲು ಪುರುಸೊತ್ತು ಎಂದಾದರೆ ನಾನು ಇಲ್ಲಿಗೇ ಕಳಿಸುತ್ತೇನೆ. ಹೊರಗಿನಿಂದ ಸಾಧಾರಣ ಹೆಂಚಿನ ಕಟ್ಟಡ. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಚಾವಣಿ ಎಲ್ಲೆಲ್ಲೂ ಚಿತ್ರ. ಇಟಲಿಯ ಬೆರ್ಗಾಮೊ ಕಡೆಯ ಆಂಟೋನಿಯೊ ಮೊಸ್ಕೇನಿ ಎಂಬ ಜೆಸ್ವಿತ್ ಬ್ರದರ್ 1899ರಲ್ಲಿ ಬಂದು ಸುಮಾರು ಎರಡು ವರ್ಷದಲ್ಲಿ ಬರೆದದ್ದು. ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲೆ ಬರೆದವು: ಗಾರೆ ಒಣಗುವುದರೊಳಗೆ ಬಣ್ಣ ಕೂರಬೇಕು, ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಹಚ್ಚಬೇಕು. ಚಾವಣಿಯದ್ದು ಕ್ಯಾನ್ವಾಸಿನ ಮೇಲಿನ ತೈಲಚಿತ್ರ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಇವು ಉಳಿದುಕೊಂಡಿವೆ! ಉಬ್ಬುಶಿಲ್ಪದಂತೆ ಕಾಣುವ ಅಂಚುಗಳನ್ನು ಬದಿಯಿಂದ ನೋಡಿ. ಉಬ್ಬೇ ಇಲ್ಲ, ಬರೀ ನೆರಳಿನ ಬಣ್ಣ. ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಬೆಂಚಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತು ತಲೆ ಎತ್ತಿ ನೋಡಿ.

ಕದ್ರಿ ಮಂಜುನಾಥನ ಗುಡಿಯಲ್ಲಿ ಬೌದ್ಧ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಮೂರು ಮುಖ, ಆರು ಕೈ. ಕ್ರಿ.ಶ. 968ರಲ್ಲಿ ಆಳುಪ ಅರಸ ಕುಂದವರ್ಮ ಸ್ಥಾಪಿಸಿದ್ದೆಂದು ಪೀಠದ ಶಾಸನವೇ ಹೇಳುತ್ತದೆ. ಕೈಮುಗಿದು ಪ್ರಸಾದ ತೆಗೆದುಕೊಂಡು ಹೊರಟುಬಿಡಬೇಡಿ, ಇದನ್ನು ಕೇಳಿ ನೋಡಿ. ಗುಡಿಯ ಹಿಂದಿನ ಮೆಟ್ಟಿಲು ಹತ್ತಿದರೆ ಕೆರೆಗಳು, ಅವುಗಳಾಚೆ ಜೋಗಿ ಮಠ.

ಕನ್ನಡದ ಮೊದಲ ಪತ್ರಿಕೆ ಬೆಂಗಳೂರಿನದೂ ಅಲ್ಲ, ಮೈಸೂರಿನದೂ ಅಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಅದು. ಜುಲೈ 1 ನಮಗೆ ಪತ್ರಿಕಾ ದಿನವಾದದ್ದು ಹೀಗೆ. ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದದ್ದೂ ಇಲ್ಲಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ, 1894ರಲ್ಲಿ. ಅದೇ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನ ಹೊಳೆಬದಿಯಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಇಲ್ಲಿನ ಜೇಡಿಮಣ್ಣು ಸುಟ್ಟು ‘ಮಂಗಳೂರು ಹೆಂಚು’ ಆಯಿತು. ನಿಮ್ಮ ಅಜ್ಜನ ಮನೆ ಮಾಡಿನ ಹೆಂಚು ಒಮ್ಮೆ ತಿರುವಿ ನೋಡಿ, ಅಡಿಯಲ್ಲಿ ಕಾರ್ಖಾನೆಯ ಹೆಸರು ಒತ್ತಿರಬಹುದು.

ಮೀನು ತಿನ್ನಲೆಂದೇ ಬರುವವರು ತಿಂಗಳು ನೋಡಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ. ಆಗ ತಾಜಾ ಮೀನು ಕಡಿಮೆ, ಬೆಲೆ ಹೆಚ್ಚು. ಆ ನಿಷೇಧ ಒಳ್ಳೆಯದೇ, ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಮೀನೆಲ್ಲಿ? ಉಳಿದ ತಿಂಗಳಲ್ಲಿ ಬೆಳಕು ಹರಿಯುವ ಮೊದಲೇ ದಕ್ಕೆಗೆ ಹೋಗಿ. ಬುಟ್ಟಿಗಳ ನಡುವೆ ಕಾಲಿಡಲು ಜಾಗವಿರುವುದಿಲ್ಲ, ಏಲಂ ನಡೆಯುತ್ತಿರುತ್ತದೆ.

ಹೆಸರು ಕಲಿತರೆ ಊಟ ಸಲೀಸು: ಬೂತಾಯಿ, ಬಂಗುಡೆ, ಅಂಜಲ್, ಮಾಂಜಿ, ನಂಗ್, ಎಟ್ಟಿ ಎಂದರೆ ಸಿಗಡಿ, ಡೆಂಜಿ ಎಂದರೆ ಏಡಿ, ಮರುವಾಯಿ ಎಂದರೆ ಚಿಪ್ಪುಮೀನು. ಮೊದಲ ಸಲದವರು ಕಾಣೆ ಮೀನಿನಿಂದ ಶುರು ಮಾಡಿ. ಮುಳ್ಳು ಕಡಿಮೆ, ಮಾಂಸ ಹೂವಿನ ಹಾಗೆ. ಬಂಗುಡೆಗೆ ಪುಳಿಮುಂಚಿಯೇ ಸರಿ: ಹುಳಿ, ಮೆಣಸು, ಹೆಸರಲ್ಲೇ ರುಚಿ. ಬಂದರ್‌ನ ಹೋಟೆಲ್ ನಾರಾಯಣ, ರಥಬೀದಿ ಕಡೆಯ ಗಿರಿಮಂಜಾಸ್ ಎರಡೂ ಮಧ್ಯಾಹ್ನ ಕಿಕ್ಕಿರಿಯುತ್ತವೆ. ಕಾಯಿರಿ.

ಮಳೆಗಾಲಕ್ಕೆ ಅದರದ್ದೇ ಊಟ. ತುಳುವರ ಆಟಿ ತಿಂಗಳಲ್ಲಿ ಕೆಸುವಿನೆಲೆಯ ಪತ್ರೊಡೆ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಪಾಲೆ ಮರದ ತೊಗಟೆಯನ್ನು ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತಂದು ಮಾಡುವ ಕಷಾಯ, ಕಹಿಯೆಂದರೆ ಕಹಿ! ಅಷ್ಟಮಿ ಹೊತ್ತಿಗೆ ಮಾರುಕಟ್ಟೆಯಲ್ಲಿ ಇಡ್ಲಿ ಬೇಯಿಸುವ ಎಲೆಕೊಟ್ಟೆಯಾದ ಮೂಡೆಯ ರಾಶಿ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ ಕೆಥೊಲಿಕ್ ಮನೆಗಳಲ್ಲಿ ಹೊಸ ಭತ್ತದ ಕಾಳು ಉಣ್ಣುತ್ತಾರೆ, ಅಂದು ಊಟ ಪೂರ್ತಿ ಸಸ್ಯಾಹಾರ. ನವರಾತ್ರಿಗೆ ಬಂದರೆ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ದಸರಾ, ಬೀದಿ ತುಂಬ ಹುಲಿವೇಷ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಗುಡಿ ಅದು.

ಗಡ್‌ಬಡ್ ಐಸ್‌ಕ್ರೀಮ್ ಉಡುಪಿಯದೋ ಮಂಗಳೂರಿನದೋ ಎಂದು ಎರಡೂ ಊರಿನವರು ಇಂದಿಗೂ ವಾದಿಸುತ್ತಾರೆ. ಮಾರ್ಕೆಟ್ ರಸ್ತೆಯಲ್ಲಿ 1975ರ ಮೇ 1ರಂದು ಶುರುವಾದ ಐಡಿಯಲ್‌ಗೆ ಹೋಗಿ, ಉದ್ದ ಲೋಟಕ್ಕೆ ಉದ್ದ ಚಮಚ ಇಳಿಸಿ ತಳದಿಂದ ತಿನ್ನಿ.

ಸುಲ್ತಾನ್ ಬತ್ತೇರಿ ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪುಕಲ್ಲಿನ ಕಾವಲು ಕೊತ್ತಲ. ಅಲ್ಲಿಂದ ದೋಣಿಯಲ್ಲಿ ಫಲ್ಗುಣಿ ದಾಟಿದರೆ ಕೆಲವೇ ನಿಮಿಷದಲ್ಲಿ ತಣ್ಣೀರುಬಾವಿ ಕಡಲತೀರ. ಕಾರಿನಲ್ಲಿ ಸುತ್ತಿ ಹೋಗಬೇಡಿ, ದೋಣಿಯಲ್ಲೇ ಹೋಗಿ. ಮಕ್ಕಳಿದ್ದರೆ ಒಂದಿಡೀ ದಿನ ಪಿಲಿಕುಳಕ್ಕೆ: ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳವಂತೆ.

ಕೊನೆಯ ದಿನ ಬಂದರ್‌ಗೆ ಮತ್ತೊಮ್ಮೆ ಬನ್ನಿ, ಈ ಸಲ ಮೀನಿಗಲ್ಲ. ಸುಮಾರು 1132ರಿಂದ 1149ರ ನಡುವೆ ಹಲವು ವರ್ಷ ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಈ ಊರಿನಲ್ಲಿದ್ದ. ಹಿತ್ತಾಳೆ ಪಾತ್ರೆಯ ಕಾರ್ಖಾನೆ ಇಟ್ಟಿದ್ದ, ಮೆಣಸು, ಅಡಿಕೆ, ಏಲಕ್ಕಿ ಏಡನ್‌ಗೆ ಕಳಿಸಿ ಅಲ್ಲಿಂದ ಕಾಗದ, ಸಕ್ಕರೆ ತರಿಸುತ್ತಿದ್ದ. ಸರಕಿನ ಜೊತೆ ಹಡಗು ಹತ್ತುತ್ತಿದ್ದವನು ಇಲ್ಲಿಯವನೇ ಎನ್ನಲಾದ ಅವನ ಆಳು ಬೊಮ್ಮ. ಅವರ ಕಾಗದಪತ್ರಗಳು ಸಿಕ್ಕಿದ್ದು ಕೈರೋದ ಒಂದು ಯಹೂದಿ ಮಂದಿರದ ಉಗ್ರಾಣದಲ್ಲಿ. ಅಮಿತಾವ್ ಘೋಷ್ ಅವನ್ನು ಹಿಂಬಾಲಿಸಿಕೊಂಡು ಮಂಗಳೂರಿಗೆ ಬಂದು 1992ರಲ್ಲಿ ಪುಸ್ತಕವನ್ನೇ ಬರೆದರು. ಸಗಟು ಅಂಗಡಿಗಳ ಸಂದಿಯಲ್ಲಿ ನಿಧಾನವಾಗಿ ನಡೆಯಿರಿ. ಗೋಣಿಚೀಲದ ಬಾಯಿ ಬಿಚ್ಚಿದಲ್ಲೆಲ್ಲ ಇಂದಿಗೂ ಅಡಿಕೆಯ, ಮೆಣಸಿನ ವಾಸನೆ.