ಆಟದ ರಾತ್ರಿಗೆ ಫುಲ್‌ಫ್ರೇಮ್ ಬೇಕೇ?

ಹೊನ್ನಾವರ ಸೀಮೆಯಲ್ಲಿ ಕ್ಯಾಮೆರಾ ಕೊಂಡವರು ಬಹುಬೇಗ ಯಕ್ಷಗಾನದ ರಂಗಸ್ಥಳದ ಎದುರು ಬಂದು ಕೂರುತ್ತಾರೆ. ಅದು ಸಹಜ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ ಇಲ್ಲಿಯದು. ಭಸ್ಮಾಸುರ, ಕೀಚಕ ಪಾತ್ರಗಳಿಂದ ಮನೆಮಾತಾಗಿ 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಇದೇ ತಾಲ್ಲೂಕಿನವರು. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಭಟ್ಕಳದಿಂದ ಕುಮಟೆಯವರೆಗೆ ಒಂದಲ್ಲ ಒಂದು ಊರಿನಲ್ಲಿ ಆಟ ಇದ್ದೇ ಇರುತ್ತದೆ.

ತೊಂದರೆ ಶುರುವಾಗುವುದು ಮರುದಿನ ಬೆಳಿಗ್ಗೆ, ಚಿತ್ರಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುವಾಗ. ಕಿರೀಟದ ಹಿಂದಿನ ಕತ್ತಲೆಯಲ್ಲಿ ಬಣ್ಣಬಣ್ಣದ ಚುಕ್ಕೆಗಳು. ಕುಣಿತದ ಕೈ ಮಸುಕು. ಕೂಡಲೇ ಸ್ನೇಹಿತರ ಸಲಹೆ ಬರುತ್ತದೆ: ‘ಫುಲ್‌ಫ್ರೇಮ್ ತಗೊ, ಎಲ್ಲ ಸರಿಹೋಗ್ತದೆ.’ ಲೆನ್ಸ್ ಬಿಟ್ಟು ಬಾಡಿಯೊಂದಕ್ಕೇ ಲಕ್ಷ ರೂಪಾಯಿಯ ಮಾತು ಅದು. ಹಾಗಾಗಿ ಆ ಸಲಹೆಯನ್ನು ಲೆಕ್ಕ ಹಾಕಿ ನೋಡಬೇಕು.

ಫುಲ್‌ಫ್ರೇಮ್ ಎಂದರೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ಸೆನ್ಸರ್. ಈ ಅಳತೆ ಡಿಜಿಟಲ್ ಕಾಲದ್ದಲ್ಲ. ಜರ್ಮನಿಯ ಆಸ್ಕರ್ ಬಾರ್ನಾಕ್ ಸಿನಿಮಾ ರೀಲನ್ನು ಅಡ್ಡಡ್ಡ ಓಡಿಸಿ ಒಂದು ಪುಟ್ಟ ಕ್ಯಾಮೆರಾ ಮಾಡಿದರು. 1925ರಲ್ಲಿ ಅದು ಲೈಕಾ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮುಂದೆ 35 ಎಂ.ಎಂ. ರೀಲು ತುಂಬಿಸಿಕೊಂಡ ಪ್ರತಿ ಸ್ಟುಡಿಯೊದವರೂ, ಕುಮಟೆಯವರಾಗಲಿ ಕೋಲ್ಕತ್ತದವರಾಗಲಿ, ಬಹುತೇಕ ಇದೇ ಚೌಕಟ್ಟಿನಲ್ಲಿ ಚಿತ್ರ ತೆಗೆದರು. ಡಿಜಿಟಲ್ ಬಂದಾಗ ಅಷ್ಟು ದೊಡ್ಡ ಸಿಲಿಕಾನ್ ತುಂಡನ್ನು ದೋಷವಿಲ್ಲದೆ ತಯಾರಿಸುವುದು ವಿಪರೀತ ದುಬಾರಿಯಾಗಿತ್ತು. ಹಾಗಾಗಿ 1999ರ ನಿಕಾನ್ ಡಿ1 ಚಿಕ್ಕ ಸೆನ್ಸರ್‌ನೊಂದಿಗೆ ಬಂತು. ಸಾಮಾನ್ಯ ಗಾತ್ರದ ಬಾಡಿಯಲ್ಲಿ ಪೂರ್ತಿ ಅಳತೆಯನ್ನು ಕೂರಿಸಿದ ಕ್ಯಾನನ್ 5ಡಿ ಬರಲು 2005 ಆಗಬೇಕಾಯಿತು.

ಇಂದು ಹೆಚ್ಚಿನ ಹವ್ಯಾಸಿಗಳ ಕೈಯಲ್ಲಿರುವುದು ಎಪಿಎಸ್-ಸಿ ಎಂಬ ಆ ಚಿಕ್ಕ ಸೆನ್ಸರೇ. ನಿಕಾನ್, ಸೋನಿಗಳಲ್ಲಿ ಅದರ ಅಳತೆ ಸುಮಾರು 23.5×15.6 ಮಿ.ಮೀ.; ಕ್ಯಾನನ್‌ನಲ್ಲಿ ಇನ್ನೂ ಸ್ವಲ್ಪ ಕಡಿಮೆ. ಫುಲ್‌ಫ್ರೇಮಿನ ವಿಸ್ತೀರ್ಣ ಇದರ 2.4 ಪಟ್ಟಿನಷ್ಟು. ಅದೇ ಅಪರ್ಚರ್, ಅದೇ ಶಟರ್ ಇಟ್ಟು ಅದೇ ದೃಶ್ಯ ತೆಗೆದರೆ ಒಟ್ಟು ಬೆಳಕೂ ಅಷ್ಟೇ ಪಟ್ಟು ಹೆಚ್ಚು ಸಿಗುತ್ತದೆ. ಎರಡೂ ಒಂದೇ ತಲೆಮಾರಿನ ಸೆನ್ಸರ್‌ಗಳಾದರೆ ಫುಲ್‌ಫ್ರೇಮಿನ 6400 ಐಎಸ್‌ಒ ಚಿತ್ರ, ಎಪಿಎಸ್-ಸಿಯ 2700 ಐಎಸ್‌ಒ ಚಿತ್ರದಷ್ಟು ಶುಭ್ರವಾಗಿರುತ್ತದೆ. ಲಾಭ ನಿಜವಾದದ್ದೇ, ಸಣ್ಣದೇನೂ ಅಲ್ಲ.

ಈಗ ಲೆನ್ಸಿನ ಕಡೆ ನೋಡೋಣ. ಕ್ಯಾಮೆರಾದ ಜೊತೆಗೇ ಬರುವ 18-55 ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಅದು ತೆರೆದುಕೊಳ್ಳುವುದು ಎಫ್/5.6ರಷ್ಟು ಮಾತ್ರ. ಮಂಡಿಯೂರಿ ಗಿರಕಿ ಹೊಡೆಯುವ ವೇಷಧಾರಿಯನ್ನು ಹಿಡಿಯಲು ಸೆಕೆಂಡಿನ 1/250ನೇ ಭಾಗವಾದರೂ ಬೇಕು, ಜಿಗಿತಕ್ಕೆ 1/500. ರಂಗಸ್ಥಳದ ದೀಪದಲ್ಲಿ ಕಿಟ್ ಲೆನ್ಸು ಈ ವೇಗಕ್ಕೆ 12,800 ಐಎಸ್‌ಒ ಕೇಳಿತೆನ್ನಿ. ಅದೇ ಹಳೆಯ ಬಾಡಿಗೆ 50 ಎಂ.ಎಂ. ಎಫ್/1.8 ಲೆನ್ಸ್ ಹಾಕಿದರೆ ಬೆಳಕು ಒಂಬತ್ತು ಪಟ್ಟಿಗೂ ಹೆಚ್ಚು. ಐಎಸ್‌ಒ 1300ರ ಆಸುಪಾಸಿಗೆ ಇಳಿಯುತ್ತದೆ. ಲಕ್ಷ ಕೊಟ್ಟ ಸೆನ್ಸರಿನಿಂದ 2.4 ಪಟ್ಟು, ಅದರ ಸಣ್ಣ ಪಾಲಿಗೆ ಸಿಗುವ ಲೆನ್ಸಿನಿಂದ ಒಂಬತ್ತು ಪಟ್ಟು. ಈ ಲೆಕ್ಕವನ್ನು ಅಂಗಡಿಗೆ ಹೋಗುವ ಮೊದಲೇ ಪ್ರತಿಯೊಬ್ಬ ಹವ್ಯಾಸಿಯೂ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ದುಬಾರಿ ಬಾಡಿಗೆ ಅಗ್ಗದ ಲೆನ್ಸ್ ಸಿಕ್ಕಿಸಿಕೊಂಡು ಮತ್ತೆ ಅದೇ ಚುಕ್ಕೆಗಳನ್ನು ನೋಡುವ ಸ್ಥಿತಿ ಬರುತ್ತದೆ.

ಕೆಲವು ದೋಷಗಳಿಗಂತೂ ಸೆನ್ಸರಿನ ಗಾತ್ರ ಕಾರಣವೇ ಅಲ್ಲ. ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಬಂದರೆ ಅದು ಎಲ್‌ಇಡಿ ದೀಪದ ಮಿಣುಕು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಅನೇಕ ದೀಪಗಳು ಸೆಕೆಂಡಿಗೆ ನೂರು ಸಲ ಏರಿಳಿಯುತ್ತವೆ. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್ ಬಳಸಿದರೆ, ಸಾಧ್ಯವಾದಲ್ಲಿ 1/100ಕ್ಕೆ ಇಳಿದರೆ, ಪಟ್ಟೆ ಬಹುಮಟ್ಟಿಗೆ ಹೋಗುತ್ತದೆ. ಕಲಾವಿದರ ಕಣ್ಣು ಕುಕ್ಕುವ ಫ್ಲ್ಯಾಶ್ ಮಾತ್ರ ಯಾವ ಕ್ಯಾಮೆರಾದಲ್ಲೂ ಬೇಡ.

ಇನ್ನೊಂದು ಸೂಕ್ಷ್ಮವಿದೆ. ಒಡ್ಡೋಲಗದಲ್ಲಿ ನಾಲ್ಕೈದು ವೇಷಗಳು ಹಿಂದೆಮುಂದೆ ನಿಂತಿರುತ್ತವೆ, ಅವರ ಬೆನ್ನಿಗೆ ಭಾಗವತರು, ಮದ್ದಳೆ, ಚಂಡೆ. ಎಲ್ಲರೂ ಸ್ಪಷ್ಟವಾಗಿ ಬರಬೇಕೆಂದರೆ ಫುಲ್‌ಫ್ರೇಮಿನಲ್ಲಿ ಅಪರ್ಚರನ್ನು ಇನ್ನೊಂದು ಸ್ಟಾಪಿನಷ್ಟು ಕಿರಿದಾಗಿಸಬೇಕು. ಆಗ ಐಎಸ್‌ಒ ಏರಿ, ಗಳಿಸಿದ ಲಾಭವೆಲ್ಲ ಅಲ್ಲೇ ಕರಗುತ್ತದೆ. ದೊಡ್ಡ ಸೆನ್ಸರ್ ಬೆಲೆಗೆ ತಕ್ಕ ಕೆಲಸ ಮಾಡುವುದು ಒಬ್ಬನೇ ವೇಷಧಾರಿಯ ಮುಖವನ್ನು ಎಫ್/2ರ ಸುಮಾರಿನಲ್ಲಿ ತೆಗೆಯುವಾಗ: ಕಣ್ಣಿನ ಕೆಂಪು, ಬಣ್ಣದ ಗೆರೆ ಎದ್ದು ಕಂಡು, ಹಿಂದಿನ ಪರದೆ ಕರಗಿ ಹೋಗಬೇಕಾದಾಗ.

ಹಗಲಿನ ಶರಾವತಿ ಅಳಿವೆಗೆ ಬಂದರೆ ಕಥೆ ತಲೆಕೆಳಗು. ಕಾಂಡ್ಲಾ ಕಾಡಿನ ಮಿಂಚುಳ್ಳಿ, ದೋಣಿಗಳ ಮೇಲೆ ಸುತ್ತುವ ಗರುಡ ದೂರದಲ್ಲಿರುತ್ತವೆ, ಬೆಳಕಿಗೆ ಬರವಿಲ್ಲ. ಎಪಿಎಸ್-ಸಿಯಲ್ಲಿ 400 ಎಂ.ಎಂ. ಲೆನ್ಸ್ ಫುಲ್‌ಫ್ರೇಮಿನ 600 ಎಂ.ಎಂ.ನಷ್ಟು ಹತ್ತಿರ ತೋರಿಸುತ್ತದೆ. 24 ಮೆಗಾಪಿಕ್ಸೆಲಿನ ಫುಲ್‌ಫ್ರೇಮ್ ಚಿತ್ರವನ್ನು ಅಷ್ಟಕ್ಕೇ ಕತ್ತರಿಸಿದರೆ ಉಳಿಯುವುದು ಹತ್ತೇ ಮೆಗಾಪಿಕ್ಸೆಲ್. ಹಕ್ಕಿಗಳೇ ಮುಖ್ಯವಾದವರು ಇರುವ ಬಾಡಿಯನ್ನು ಇಟ್ಟುಕೊಂಡು ಉದ್ದನೆಯ ಲೆನ್ಸಿಗೆ ಹಣ ಹಾಕುವುದೇ ಜಾಣತನ. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ನೀರಿಗಿಳಿಯುವವರಿಗೂ ಚಿಕ್ಕ ಕ್ಯಾಮೆರಾ, ಚಿಕ್ಕ ಜಲನಿರೋಧಕ ಕವಚ ಸಾಕು.

ಮದುವೆ ಸ್ಟುಡಿಯೊದವರ ಲೆಕ್ಕ ಬೇರೆ. ರಾತ್ರಿಯ ಆರತಕ್ಷತೆ, ಇಕ್ಕಟ್ಟಾದ ಹಳೆಯ ಮನೆಗಳ ಒಳಕೋಣೆ, ವರ್ಷವಿಡೀ ದುಡಿಮೆ. ಇವರಿಗೆ ಫುಲ್‌ಫ್ರೇಮ್ ಹಾಕಿದ ಹಣವನ್ನು ಹಿಂದಿರುಗಿಸುತ್ತದೆ. ಎರಡು ಕಾರ್ಡ್ ಹಾಕುವ ಜಾಗವಿರುವ ಬಾಡಿಯಾದರೆ ಚಿತ್ರ ಕಳೆದುಹೋಗುವ ಭಯವೂ ಕಡಿಮೆ. ಆದರೆ ಆಲ್ಬಮ್ಮಿಗಾಗಿ ಹೆಚ್ಚು ಮೆಗಾಪಿಕ್ಸೆಲ್ ಬೇಕೆಂಬ ವಾದ ನಿಲ್ಲುವುದಿಲ್ಲ: 12×18 ಇಂಚಿನ ಪುಟವನ್ನು 300 ಡಿಪಿಐನಲ್ಲಿ ಮುದ್ರಿಸಲು 19.4 ಮೆಗಾಪಿಕ್ಸೆಲ್ ಸಾಕು, 24ರ ಎಪಿಎಸ್-ಸಿ ಅದನ್ನು ಆರಾಮವಾಗಿ ಕೊಡುತ್ತದೆ.

ಇಷ್ಟೆಲ್ಲ ತೂಗಿದ ಮೇಲೂ ‘ರಾತ್ರಿಯಾಟವೇ ನನ್ನ ವಿಷಯ, ಒಳ್ಳೆಯ ಲೆನ್ಸ್ ಇದೆ, ಆದರೂ ಸಾಲುತ್ತಿಲ್ಲ’ ಎನ್ನುವವರು ಧೈರ್ಯವಾಗಿ ಮುಂದುವರಿಯಬಹುದು. ಅದಕ್ಕೆ ಮೊದಲು ಎರಡು ಕೆಲಸ. ಒಂದು, ಹಳೆಯ ಚಿತ್ರಗಳನ್ನು ರಾ ಫೈಲಿನಿಂದ ಮತ್ತೆ ಸಂಸ್ಕರಿಸಿ ನೋಡುವುದು. 2023ರಲ್ಲಿ ಅಡೋಬಿ ಲೈಟ್‌ರೂಮ್‌ಗೆ ಸೇರಿದ ಡಿನಾಯ್ಸ್‌ನಂಥ ತಂತ್ರಾಂಶಗಳು ಚುಕ್ಕೆಗಳನ್ನು ಬೆರಗಾಗುವಷ್ಟು ತೊಳೆದುಹಾಕುತ್ತವೆ. ಇನ್ನೊಂದು, ಈಗಿನ ಲೆನ್ಸ್‌ಗಳ ಗತಿ ಏನೆಂದು ವಿಚಾರಿಸುವುದು. ನಿಕಾನಿನ ಡಿಎಕ್ಸ್ ಲೆನ್ಸ್ ಫುಲ್‌ಫ್ರೇಮಿಗೆ ಕೂರುತ್ತದೆ, ಆದರೆ ಸೆನ್ಸರಿನ ನಡುಭಾಗ ಮಾತ್ರ ಬಳಕೆಯಾಗುತ್ತದೆ. ಕ್ಯಾನನ್ನಿನ ಇಎಫ್-ಎಸ್ ಲೆನ್ಸ್ 5ಡಿ, 6ಡಿಗಳಿಗೆ ಕೂರುವುದೇ ಇಲ್ಲ.

ಹಣ ಬಿಗಿಯಿದ್ದರೆ 2012ರ ಕ್ಯಾನನ್ 6ಡಿ, 2014ರ ನಿಕಾನ್ ಡಿ750 ಥರದ ಬಳಸಿದ ಡಿಎಸ್‌ಎಲ್‌ಆರ್‌ಗಳು ಇಂದಿಗೂ ರಂಗಸ್ಥಳಕ್ಕೆ ಸಮರ್ಥ. ಶಟರ್ ಎಷ್ಟು ಸಲ ಓಡಿದೆ ಎಂದು ಕೇಳಬೇಕು; 6ಡಿಯ ಶಟರ್ ಒಂದು ಲಕ್ಷ, ಡಿ750ಯದು ಒಂದೂವರೆ ಲಕ್ಷ ಸಲಕ್ಕೆ ಪರೀಕ್ಷಿಸಿದ್ದು. ಕರಾವಳಿಯಲ್ಲೇ ಬಳಕೆಯಾದ ಲೆನ್ಸಾದರೆ ಟಾರ್ಚ್ ಹಿಡಿದು ಒಳಗೆ ಬೂಷ್ಟು ಹಿಡಿದಿದೆಯೇ ಎಂದೂ ನೋಡಬೇಕು, ಏಕೆಂದರೆ ವರ್ಷಕ್ಕೆ 3,000 ಮಿ.ಮೀ. ದಾಟುವ ಇಲ್ಲಿನ ಮಳೆ ಗಾಜನ್ನೂ ಬಿಡುವುದಿಲ್ಲ. ಅದೇ ಕಾರಣಕ್ಕೆ ಜೂನಿನಲ್ಲಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ಸೀಸನ್ನಿನ ಕೊನೆಯ ಆಟಗಳಿಗೆ ಸ್ಟುಡಿಯೊದ ಗೆಳೆಯರಿಂದ ಒಂದು ರಾತ್ರಿ ಫುಲ್‌ಫ್ರೇಮ್ ಎರವಲು ತಂದು, ಎರಡೂ ಕ್ಯಾಮೆರಾದಲ್ಲಿ ಅದೇ ವೇಷ ತೆಗೆದು, 12×18ಕ್ಕೆ ಮುದ್ರಿಸಿ ಅಕ್ಕಪಕ್ಕ ಇಟ್ಟು ನೋಡಲಿ. ವ್ಯತ್ಯಾಸ ಕಣ್ಣಿಗೆ ಕಂಡರೆ, ಮಳೆಗಾಲದಲ್ಲಿ ಮೊದಲು ತೇವಾಂಶವನ್ನು ಶೇ. 40ರಿಂದ 50ರೊಳಗೆ ಇಡುವ ಡ್ರೈ ಕ್ಯಾಬಿನೆಟ್ ಕೊಂಡು, ಬಾಡಿಯನ್ನು ದೀಪಾವಳಿಯ ಹೊತ್ತಿಗೆ ತಂದರೆ ಸರಿ.