ಲಾರಿ ಅರ್ಧ ಖಾಲಿ, ರಸ್ತೆ ಪೂರ್ತಿ ಹಾಳು!

ಸಂಡೂರು: ಅದಿರಿನ ಲಾರಿ ಹೋಗುವಾಗ ಬಸ್ ಸ್ಟ್ಯಾಂಡಿನಲ್ಲಿ ನಿಂತವರು ಅನ್ನೋದು ಒಂದೇ ಮಾತು: "ಅರ್ಧನೂ ತುಂಬಿಲ್ಲ, ಇದೆಂಥ ಓವರ್‌ಲೋಡು?" ಕಣ್ಣು ಮೋಸ ಹೋಗೋದು ಇಲ್ಲೇ.

ಈ ಬೆಟ್ಟಗಳ ಅದಿರು ಹೆಚ್ಚಾಗಿ ಹೆಮಟೈಟ್. ನೀರಿಗಿಂತ ಐದು ಪಟ್ಟು ಭಾರ. ಮನೆ ಕಟ್ಟುವ ಗ್ರಾನೈಟ್ ಕಲ್ಲಿನ ಹೆಚ್ಚುಕಡಿಮೆ ಎರಡರಷ್ಟು ತೂಕ. ಅಪ್ಪಟವಾಗಿದ್ದರೆ ನೂರಕ್ಕೆ 70 ಪಾಲು ಕಬ್ಬಿಣವೇ.

ಗುರುತು ಹೇಗೆ?

ಬಣ್ಣ ನಂಬಬೇಡಿ. ಒಂದು ತುಂಡು ಕೆಂಪಗಿದ್ದರೆ ಇನ್ನೊಂದು ಉಕ್ಕಿನ ಹಾಗೆ ಕರ್ರಗೆ ಹೊಳೆಯುತ್ತೆ. ಬಚ್ಚಲಿನ ಬಿಳಿ ಟೈಲ್ಸಿನ ಒರಟು ಬೆನ್ನಿಗೆ ಉಜ್ಜಿ. ಇಟ್ಟಿಗೆ ಕೆಂಪಿನ ಗೀರು ಬಿದ್ದರೆ ಹೆಮಟೈಟ್. ಗೀರು ಕಪ್ಪಾಗಿ, ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟಿಕೊಂಡರೆ ಅದರ ದಾಯಾದಿ ಮ್ಯಾಗ್ನಟೈಟ್.

ಉಕ್ಕಿಗೆ ಮೂಲ ಇದೇ. ಗೇಟಿಗೆ ಬಳಿಯುವ ರೆಡ್ ಆಕ್ಸೈಡ್, ಗೋಡೆಗೆ ಬಳಿಯುವ ಕೆಮ್ಮಣ್ಣು, ಎರಡರ ಕೆಂಪೂ ಇದರದ್ದೇ.

ತೂಕದ ಲೆಕ್ಕ

ಒಂದು ಘನ ಮೀಟರ್ ಭತ್ತ ಸುಮಾರು 600 ಕಿಲೋ. ಅಷ್ಟೇ ಜಾಗದ ಪುಡಿ ಅದಿರು ಸುಮಾರು ಎರಡೂವರೆ ಟನ್! ಹತ್ತು ಚಕ್ರದ ಲಾರಿಗೆ 2018ರ ಹೊಸ ಮಿತಿಯಂತೆ ಗಾಡಿಯೂ ಸೇರಿ 28.5 ಟನ್. ಗಾಡಿಯದ್ದೇ ಹತ್ತು ಟನ್ ಅಂತ ಕಳೆದರೆ ಏಳು ಘನ ಮೀಟರಿಗೇ ಕೋಟಾ ಮುಗಿಯಿತು. ಮೇಲೆ ಖಾಲಿ ಕಾಣೋದು ಅದಕ್ಕೇ. ಆ ಖಾಲಿ ಜಾಗಕ್ಕೆ ಇನ್ನೆರಡು ಬಕೆಟ್ ಸುರಿದರೆ ಕೇಳೋರ್ಯಾರು?

ಕೇಳೋದು ರಸ್ತೆ. ಅಮೆರಿಕದಲ್ಲಿ 1958ರಿಂದ 60ರವರೆಗೆ ಲಾರಿ ಓಡಿಸಿ ಪರೀಕ್ಷಿಸಿದಾಗ ಕಂಡದ್ದಿಷ್ಟು: ಅಚ್ಚಿನ ಮೇಲೆ ಭಾರ ನೂರಕ್ಕೆ 20 ಹೆಚ್ಚಾದರೆ ರಸ್ತೆಯ ಸವೆತ ಸುಮಾರು ಎರಡರಷ್ಟು. ಭಾರವೇ ದುಪ್ಪಟ್ಟಾದರೆ ಸವೆತ ಹದಿನಾರು ಪಟ್ಟು!

ಬಳ್ಳಾರಿ ಸೀಮೆಗೆ ಇದು ಹೊಸ ಪಾಠವಲ್ಲ. ಅಕ್ರಮ ಗಣಿಗಾರಿಕೆಯ ಬಗ್ಗೆ ಬಂದ ಲೋಕಾಯುಕ್ತ ವರದಿಗಳು ಈ ಓವರ್‌ಲೋಡನ್ನೂ ಬಯಲಿಗೆಳೆದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಇಲ್ಲಿಯ ಗಣಿಗಳನ್ನೇ ನಿಲ್ಲಿಸಿತು. ಆಮೇಲೆ ಮಿತಿ ಹಾಕಿ ಬಿಟ್ಟಿತು. 2022ರಲ್ಲಿ ಆ ಮಿತಿ ಏರಿತು, ಹೊರದೇಶಕ್ಕೆ ಸಾಗಿಸಲೂ ಒಪ್ಪಿಗೆ ಸಿಕ್ಕಿತು. ಕನ್ವೇಯರ್ ಬೆಲ್ಟು ಬಂದ ಕಡೆ ರಸ್ತೆಗೆ ಉಸಿರು ಬಂತು. ಬಾರದ ಕಡೆ ಲಾರಿಯೇ ಗತಿ.

ಹಾಗಾಗಿ ಇನ್ನು ಮೇಲೆ ಡಬ್ಬ ಎಷ್ಟು ತುಂಬಿದೆ ಅಂತ ನೋಡಿ ಫಲವಿಲ್ಲ. ಸತ್ಯ ಹೇಳೋದು ವೇಬ್ರಿಡ್ಜಿನ ಚೀಟಿ ಒಂದೇ. ಅಂಗಡಿ ತಕ್ಕಡಿಯಲ್ಲಿ ನೂರು ಗ್ರಾಂ ವ್ಯತ್ಯಾಸವಾದರೆ ಇನ್ಸ್‌ಪೆಕ್ಟರು ಬಂದು ದಂಡ ಹಾಕ್ತಾರೆ. ಡಾಂಬರಿನ ಮೇಲೆ ಟನ್ನುಗಟ್ಟಲೆ ಹೆಚ್ಚಾದರೆ ದಂಡ ತೆರೋರು ಯಾರು? ಗುಂಡಿಗೆ ಬಿದ್ದು ಎದ್ದು ಹೋಗುವ ಬಸ್ಸಿನ ಜನವೇ!